ಟೋಕನ್ ಹಣ ಏಜೆಂಟ್ ಖಾತೆಗೆ ಹಾಕಬೇಕಾ? ಬ್ರೋಕರ್‌ಗಳಿಗೆ ಕಾನೂನಿನಲ್ಲಿ ಏನೇನು ಹೊಣೆ ಇದೆ?

ತುಂಗಾತೀರ (ಚರ್ಚೆ ಆರಂಭ)
ಬೆಂಗಳೂರಿನಲ್ಲಿ ಎರಡು ಆಸ್ತಿ ನೋಡಿದ್ದೇವೆ. ಒಂದು ಇನ್ನೂ ಕಟ್ಟುತ್ತಿರುವ ಅಪಾರ್ಟ್‌ಮೆಂಟಿನ ಫ್ಲ್ಯಾಟ್, ಇನ್ನೊಂದು ಹಳೇ ಬಡಾವಣೆಯ ಸ್ವತಂತ್ರ ಮನೆ. ಎರಡನ್ನೂ ತೋರಿಸಿದ್ದು ಒಬ್ಬರೇ ಏಜೆಂಟ್. ಎರಡರಲ್ಲಿ ಯಾವುದಕ್ಕಾದರೂ ಸರಿ, "2 ಲಕ್ಷ ಟೋಕನ್ ನನ್ನ ಖಾತೆಗೆ ಹಾಕಿ, ತಡ ಮಾಡಿದರೆ ಬೇರೆ ಪಾರ್ಟಿಗೆ ಹೋಗುತ್ತೆ, ನನ್ನ ಹತ್ರ ರೇರಾ ನಂಬರ್ ಇದೆ" ಅಂತಿದ್ದಾರೆ. ರೇರಾ ನಂಬರ್ ಇದ್ದರೆ ಸಾಕಾ? ವ್ಯವಹಾರ ಮುರಿದರೆ ಹಣ ವಾಪಸ್ ಕೊಡೋ ಹೊಣೆ ಯಾರದು? ಕಮಿಷನ್ ಯಾವಾಗ ಕೊಡಬೇಕು? ಮೋಸ ಆದರೆ ದೂರು ಎಲ್ಲಿ? ತಿಳಿದವರು ಕಲಂ ಸಮೇತ ಹೇಳಿ. "ನಂಬಿಕಸ್ಥರನ್ನು ಹುಡುಕಿ" ಅನ್ನೋ ಉತ್ತರ ಬೇಡ.

ನೇರಮಾತು
ಏಜೆಂಟ್ ಖಾತೆಗೆ ಒಂದು ರೂಪಾಯಿಯೂ ಹಾಕಬೇಡಿ. ಮಿಕ್ಕಿದ್ದು ಆಮೇಲೆ.

ಕರಾರುಕಡತ
ನೇರಮಾತು ಹೇಳಿದ್ದೇ ಸರಿ, ಕಾರಣ ನಾನು ಹೇಳ್ತೀನಿ. ಮೊದಲು ನಿಮ್ಮ ಎರಡು ಆಸ್ತಿಗಳನ್ನು ಬೇರೆ ಬೇರೆ ಇಟ್ಟು ನೋಡಿ. ಎರಡಕ್ಕೂ ಅನ್ವಯಿಸುವ ಕಾನೂನು ಒಂದೇ ಅಲ್ಲ.

ಕಟ್ಟುತ್ತಿರುವ ಫ್ಲ್ಯಾಟಿಗೆ 2016ರ ರಿಯಲ್ ಎಸ್ಟೇಟ್ (ನಿಯಂತ್ರಣ ಮತ್ತು ಅಭಿವೃದ್ಧಿ) ಕಾಯ್ದೆ, ಅಂದರೆ ರೇರಾ. ಅದರ 9ನೇ ಕಲಂ ಪ್ರಕಾರ ನೋಂದಣಿ ಇಲ್ಲದ ಏಜೆಂಟ್ ನೋಂದಾಯಿತ ಯೋಜನೆಯ ಫ್ಲ್ಯಾಟಾಗಲಿ ಸೈಟಾಗಲಿ ಮಾರಿಸುವಂತಿಲ್ಲ. ನೋಂದಣಿ ಆದವರು ತಾವು ಮಾಡಿಸುವ ಪ್ರತಿ ಮಾರಾಟದಲ್ಲೂ ಆ ಸಂಖ್ಯೆಯನ್ನು ನಮೂದಿಸಲೇಬೇಕು. 10ನೇ ಕಲಂ ಇನ್ನೂ ಮುಖ್ಯ: ನೋಂದಣಿ ಆಗದ ಯೋಜನೆಯನ್ನು ಮಾರಿಸಬಾರದು, ಲೆಕ್ಕಪತ್ರ ಮತ್ತು ದಾಖಲೆ ಕಾಪಾಡಬೇಕು, ಇಲ್ಲದ ಅನುಮೋದನೆ ಇದೆ ಅಂತ ಸುಳ್ಳು ಹೇಳಬಾರದು, ಕೊಡುವ ಉದ್ದೇಶವೇ ಇಲ್ಲದ ಸೌಲಭ್ಯದ ಜಾಹೀರಾತು ಹಾಕಬಾರದು, ಬುಕಿಂಗ್ ಸಮಯದಲ್ಲಿ ಗ್ರಾಹಕರಿಗೆ ಸಲ್ಲಬೇಕಾದ ಮಾಹಿತಿ ಮತ್ತು ದಾಖಲೆ ಕೈಸೇರುವಂತೆ ನೋಡಿಕೊಳ್ಳಬೇಕು. ತಪ್ಪಿದರೆ 62ನೇ ಕಲಂ: ದಿನಕ್ಕೆ 10,000 ರೂಪಾಯಿ ದಂಡ, ಒಟ್ಟು ಆ ಆಸ್ತಿಯ ಬೆಲೆಯ ಶೇ 5ರವರೆಗೆ.

ಹಳೇ ಮನೆಗೆ ಇದ್ಯಾವುದೂ ಹತ್ತಿರ ಬರಲ್ಲ. ಅಲ್ಲಿ 1872ರ ಕರಾರು ಕಾಯ್ದೆ ಮತ್ತು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯೇ ಗತಿ. ಆ ಮನೆ ತೋರಿಸುವಾಗ ರೇರಾ ನಂಬರ್ ಹೇಳಿದರೆ ಅದರಿಂದ ನಿಮಗೆ ಸಿಗುವ ರಕ್ಷಣೆ ಸೊನ್ನೆ.

ಬಯಲುಸೀಮೆ
@ಕರಾರುಕಡತ ಸೊನ್ನೆ ಅಂದ್ರೆ ಜಾಸ್ತಿ ಆಯ್ತು. ಏಜೆಂಟ್ ಅನ್ನೋ ಪದದ ವ್ಯಾಖ್ಯೆಯಲ್ಲಿ ದಲ್ಲಾಳಿ, ಮಧ್ಯವರ್ತಿ, ಡೀಲರ್ ಎಲ್ಲರೂ ಬರ್ತಾರೆ. ಯಾವುದೇ ಮಾಧ್ಯಮದ ಮೂಲಕ ಕೊಳ್ಳುವವರನ್ನೂ ಮಾರುವವರನ್ನೂ ಪರಿಚಯ ಮಾಡಿಸಿ ಶುಲ್ಕ ತಗೊಂಡವರೂ ಬರ್ತಾರೆ. ರೀಸೇಲ್ ಬ್ರೋಕರ್ ಹೇಗೆ ಹೊರಗೆ?

ಕರಾರುಕಡತ
ವ್ಯಾಖ್ಯೆಯನ್ನು ಪೂರ್ತಿ ಓದಿ ಸರ್. "ರಿಯಲ್ ಎಸ್ಟೇಟ್ ಯೋಜನೆಯಲ್ಲಿನ" ಸೈಟು, ಅಪಾರ್ಟ್‌ಮೆಂಟ್ ಅಂತ ಇದೆ. 9ನೇ ಕಲಂ ಕೂಡ 3ನೇ ಕಲಂ ಕೆಳಗೆ ನೋಂದಾಯಿಸಿದ ಯೋಜನೆಗೆ ಅಂಟಿಕೊಂಡೇ ಇದೆ. ಯಾರೋ ಮೂವತ್ತು ವರ್ಷದ ಹಿಂದೆ ಕಟ್ಟಿಸಿದ ಒಂಟಿ ಮನೆ ಯೋಜನೆ ಅಲ್ಲ. ಆದರೆ ನಿಮ್ಮ ಮಾತಿನಲ್ಲಿ ಒಂದು ಅಂಶ ಒಪ್ಪಬೇಕು. ಇನ್ನೂ ಮುಗಿಯದ ನೋಂದಾಯಿತ ಯೋಜನೆಯಲ್ಲಿ ಮೊದಲು ಬುಕ್ ಮಾಡಿದವರು ತಮ್ಮ ಫ್ಲ್ಯಾಟ್ ಇನ್ನೊಬ್ಬರಿಗೆ ಮಾರುತ್ತಿದ್ದರೆ, ಅದು ರೀಸೇಲ್ ಅನಿಸಿದರೂ ಮಾರಿಸುವ ಏಜೆಂಟ್‌ಗೆ ನೋಂದಣಿ ಬೇಕು.

ಬಯಲುಸೀಮೆ
ಅದು ಸರಿ. ನಾನು ಅಂಥದ್ದೇ ವ್ಯವಹಾರ ಮನಸ್ಸಲ್ಲಿಟ್ಟುಕೊಂಡು ಬರೆದೆ.

ಎಜಿನಂಬರ್
ನಾನೂ ನೋಂದಾಯಿತ ಏಜೆಂಟ್, ಅದಕ್ಕೇ ಬರೀತಿದ್ದೀನಿ. ಕರ್ನಾಟಕದಲ್ಲಿ ನೋಂದಣಿ ಶುಲ್ಕ ವ್ಯಕ್ತಿಗೆ 25,000, ಸಂಸ್ಥೆಗೆ 2 ಲಕ್ಷ, ಅವಧಿ 5 ವರ್ಷ. ಶುಲ್ಕ ಕಟ್ಟಿ, ದಾಖಲೆ ಕೊಟ್ಟವರಿಗೆ ನಂಬರ್ ಸಿಗುತ್ತೆ. ಅದು ಯಾರ ನಡತೆಗೂ ಪ್ರಮಾಣಪತ್ರ ಅಲ್ಲ. ಹಾಗಂತ ನಂಬರ್ ಕೇಳೋದು ಬಿಡಬೇಡಿ.

ಜನ ತಪ್ಪುವುದು ಇಲ್ಲಿ: ಕರ್ನಾಟಕದ ಸಂಖ್ಯೆಗಳು ಪಿಆರ್‌ಎಂ/ಕೆಎ/ರೇರಾ ಅಂತ ಶುರುವಾಗುತ್ತವೆ. ಮುಂದೆ ನಡುವೆ "ಪಿಆರ್" ಅಂತಿದ್ದರೆ ಯೋಜನೆಯದು, "ಎಜಿ" ಅಂತಿದ್ದರೆ ಏಜೆಂಟರದು. ಏಜೆಂಟ್ ತನ್ನ ಎಜಿ ಸಂಖ್ಯೆ ತೋರಿಸಿ "ರೇರಾ ಅಪ್ರೂವ್ಡ್" ಅಂದರೆ ಯೋಜನೆಗೆ ಅನುಮೋದನೆ ಇದೆ ಅಂತ ಅರ್ಥ ಅಲ್ಲ. ಎರಡೂ ಸಂಖ್ಯೆ ಬೇರೆ ಬೇರೆ ಕೇಳಿ. ರಾಜ್ಯ ರೇರಾ ಪ್ರಾಧಿಕಾರದ ಜಾಲತಾಣದಲ್ಲಿ ನೀವೇ ಹುಡುಕಿ, ಅವರು ವಾಟ್ಸಾಪ್‌ನಲ್ಲಿ ಕಳಿಸಿದ ಸ್ಕ್ರೀನ್‌ಶಾಟ್ ನಂಬಬೇಡಿ. ಅವಧಿ ಮುಗಿದಿದೆಯಾ, ಮಾರುತ್ತಿರುವ ಟವರ್ ಅಥವಾ ಹಂತ ಅದೇ ನೋಂದಣಿಯೊಳಗೆ ಬರುತ್ತಾ ನೋಡಿ. ಮೊದಲ ಹಂತದ ನಂಬರ್ ತೋರಿಸಿ ಎರಡನೇ ಹಂತ ಮಾರುವುದು ಮಾಮೂಲಿ ಆಟ.

ಹೊಸಬ_ಮೈಸೂರು
ಸಣ್ಣ ಲೇಔಟ್‌ಗೆ ರೇರಾ ಬೇಡ ಅಂತಾರಲ್ಲ, ಹೌದಾ?

ಕರಾರುಕಡತ
ಜಾಗ 500 ಚದರ ಮೀಟರ್ ಮೀರದಿದ್ದರೆ, ಇಲ್ಲವೇ ಎಲ್ಲ ಹಂತ ಸೇರಿ 8 ಅಪಾರ್ಟ್‌ಮೆಂಟ್ ಮೀರದಿದ್ದರೆ ವಿನಾಯಿತಿ. ಒಂದು ಎಕರೆ ಅಂದರೆ 4,000 ಚದರ ಮೀಟರ್‌ಗೂ ಮೇಲೆ. ಹಾಗಾಗಿ "ಅರ್ಧ ಎಕರೆ ಲೇಔಟ್, ರೇರಾ ಬೇಕಿಲ್ಲ" ಅನ್ನೋದು ಸುಳ್ಳು.

ಬಯಲುಸೀಮೆ
ಪ್ರೀ ಲಾಂಚ್, ಅಂದರೆ ರೇರಾ ನೋಂದಣಿಗೆ ಮುಂಚಿನ ಮಾರಾಟದ ಬಗ್ಗೆಯೂ ಯಾರಾದರೂ ಬರೀರಿ. "ರೇರಾ ಇನ್ನೊಂದು ತಿಂಗಳಲ್ಲಿ ಬರುತ್ತೆ, ಈಗ ಬರೀ ಇಒಐ (ಆಸಕ್ತಿ ಇದೆ ಅಂತ ತಿಳಿಸುವ) ಚೆಕ್ ಕೊಡಿ, ಇದು ಬುಕಿಂಗ್ ಅಲ್ಲ" ಅನ್ನೋ ಮಾತು ಎಲ್ಲಾ ಕಡೆ ಕೇಳುತ್ತೆ.

ಕರಾರುಕಡತ
3ನೇ ಕಲಂ ಬಳಸಿರೋ ಕ್ರಿಯಾಪದಗಳನ್ನು ನೋಡಿದರೆ ಸಾಕು: ನೋಂದಣಿಗೆ ಮುಂಚೆ ಜಾಹೀರಾತು, ಮಾರಾಟ ಪ್ರಚಾರ, ಬುಕಿಂಗ್, ಮಾರಾಟ, ಮಾರುವ ಪ್ರಸ್ತಾಪ, ಕೊಳ್ಳಲು ಆಹ್ವಾನ, ಯಾವ ರೀತಿಯಲ್ಲೂ ಕೂಡದು. ಚೆಕ್ಕಿಗೆ ಇಒಐ ಅಂತ ಹೆಸರಿಟ್ಟರೂ ಅದು ಆಹ್ವಾನವೇ. ಬಿಲ್ಡರ್‌ಗೆ 59ನೇ ಕಲಂ ಕೆಳಗೆ ಯೋಜನಾ ವೆಚ್ಚದ ಶೇ 10ರವರೆಗೆ ದಂಡ, ಮಾರಿಸಿದ ಏಜೆಂಟ್‌ಗೆ 62ನೇ ಕಲಂ. ಜಾಹೀರಾತು ಅಂದರೆ ಪತ್ರಿಕೆಯದ್ದು ಮಾತ್ರ ಅಲ್ಲ. ಕರಪತ್ರ, ಸುತ್ತೋಲೆ, ಇತರ ಮಾಧ್ಯಮ ಎಲ್ಲ ವ್ಯಾಖ್ಯೆಯೊಳಗೆ ಇದೆ, ಹಾಗಾಗಿ ವಾಟ್ಸಾಪ್ ಬ್ರೋಷರ್ ಕೂಡ ಸಾಕ್ಷಿ. ಅಳಿಸಬೇಡಿ. ಅದರಲ್ಲಿ ಈಜುಕೊಳ, ಮೆಟ್ರೋಗೆ ನೇರ ದಾರಿ ಅಂತಿದ್ದು ಅದನ್ನು ನಂಬಿ ಹಣ ಕಟ್ಟಿ ನಷ್ಟ ಆದರೆ 12ನೇ ಕಲಂ ಪ್ರಕಾರ ಬಿಲ್ಡರ್ ಪರಿಹಾರ ಕೊಡಬೇಕು. ಯೋಜನೆಯಿಂದಲೇ ಹೊರಬರುತ್ತೀನಿ ಅಂದರೆ ಕಟ್ಟಿದ ಹಣ ಬಡ್ಡಿ ಸಮೇತ ವಾಪಸ್.

ಲೆಕ್ಕಪತ್ರ
ಆ ಬಡ್ಡಿ ಕರ್ನಾಟಕದ ನಿಯಮದಲ್ಲಿ ಸ್ಟೇಟ್ ಬ್ಯಾಂಕಿನ ಅತಿ ಹೆಚ್ಚಿನ ಎಂಸಿಎಲ್‌ಆರ್ (ಸಾಲದ ಮೂಲ ಬಡ್ಡಿದರ) ಜೊತೆಗೆ ಶೇ 2.

ತುಂಗಾತೀರ
ತುಂಬಾ ಉಪಕಾರ. ಫ್ಲ್ಯಾಟ್ ವಿಷಯ ಅರ್ಥ ಆಯ್ತು. ಹಾಗಾದ್ರೆ ಹಳೇ ಮನೆಗೆ ಏಜೆಂಟ್ ಮೇಲೆ ಯಾವ ಹೊಣೆಯೂ ಇಲ್ವಾ?

ಕರಾರುಕಡತ
ಇದೆ, ಚೆನ್ನಾಗೇ ಇದೆ. ಆದರೆ ನೀವು ಬರವಣಿಗೆ ಮಾಡಿಸಿಕೊಂಡಿರಬೇಕು. ಕರಾರು ಕಾಯ್ದೆಯ 211ರಿಂದ 220ರವರೆಗಿನ ಕಲಂಗಳು ಏಜೆಂಟರ ಬಗ್ಗೆಯೇ ಇವೆ, ಯಾರೂ ಓದಲ್ಲ ಅಷ್ಟೇ. ನೇಮಿಸಿಕೊಂಡವರು ಹೇಳಿದಂತೆ ನಡೆಯಬೇಕು (211), ಕೌಶಲ ಮತ್ತು ಎಚ್ಚರದಿಂದ ಕೆಲಸ ಮಾಡಬೇಕು (212), ಕೇಳಿದಾಗ ಲೆಕ್ಕ ಕೊಡಬೇಕು (213), ನಿಮ್ಮ ಪರವಾಗಿ ಪಡೆದ ಹಣ ನಿಮಗೆ ಸೇರಿಸಬೇಕು (218).

215 ಮತ್ತು 216 ನಮ್ಮ ಊರಿನ ರೂಢಿಗೆ ನೇರವಾಗಿ ತಾಗುತ್ತವೆ. ಮಾಲೀಕರ ಕೈಲಿ ಕಡಿಮೆ ಬೆಲೆಗೆ ಅಗ್ರಿಮೆಂಟ್ ಮಾಡಿಸಿಕೊಂಡು, ತಾನೇ ಖರೀದಿದಾರ ಅನ್ನೋದನ್ನು ಮುಚ್ಚಿಟ್ಟು, ನಿಮಗೆ ಹೆಚ್ಚಿನ ಬೆಲೆಗೆ ಮಾರಿ ನಡುವಿನ ಹಣ ಜೇಬಿಗೆ ಹಾಕಿಕೊಳ್ಳುವ ಬ್ರೋಕರ್‌ಗಳಿದ್ದಾರೆ. ನೇಮಿಸಿಕೊಂಡವರಿಗೆ ತಿಳಿಸದೆ ಏಜೆಂಟ್ ಸ್ವಂತ ಲಾಭಕ್ಕೆ ವ್ಯವಹಾರ ಮಾಡಿದರೆ ಆ ಲಾಭ ಕೇಳುವ ಹಕ್ಕು ಅವರಿಗಿದೆ. ಮುಖ್ಯ ವಿಷಯ ಮುಚ್ಚಿಟ್ಟದ್ದು ಅಥವಾ ಅವರಿಗೆ ನಷ್ಟ ಆದದ್ದು ಸಾಬೀತಾದರೆ ವ್ಯವಹಾರವನ್ನೇ ತಿರಸ್ಕರಿಸಬಹುದು.

ಎಜಿನಂಬರ್
ಇಲ್ಲಿ ಒಂದು ಮಾತು. ಅಗ್ರಿಮೆಂಟ್ ಮಾಡಿಕೊಂಡು ಮಾರುವ ಎಲ್ಲರೂ ಮೋಸಗಾರರಲ್ಲ. ಸ್ವಂತ ದುಡ್ಡು ಹಾಕಿ, ಮಾಲೀಕರಿಗೆ ತಿಳಿಸಿ, ಅಗ್ರಿಮೆಂಟ್‌ನಲ್ಲಿ "ಕೊಳ್ಳುವವರು ಅಥವಾ ಅವರು ಸೂಚಿಸಿದವರ ಹೆಸರಿಗೆ ಕ್ರಯಪತ್ರ" ಅಂತ ಬರೆಸಿದ್ದರೆ ಅವರು ಏಜೆಂಟ್ ಅಲ್ಲ, ಖರೀದಿದಾರ.

ನೇರಮಾತು
ಆಗ ಕಮಿಷನ್ ಯಾಕೆ ಕೇಳೋದು? ಮಾರುವವರೂ ಅವರೇ, ದಲ್ಲಾಳಿಯೂ ಅವರೇ ಆಗೋಕಾಗಲ್ಲ.

ಎಜಿನಂಬರ್
ಕೇಳಬಾರದು. ಒಪ್ತೀನಿ.

ಬಯಲುಸೀಮೆ
ಎರಡೂ ಕಡೆ ಕಮಿಷನ್ ಬಗ್ಗೆ ಏನು ಹೇಳ್ತೀರಿ? ಮಾಲೀಕರಿಂದ ಶೇ 1, ಕೊಳ್ಳುವವರಿಂದ ಶೇ 1. ಇಲ್ಲೆಲ್ಲ ಅದೇ ರೂಢಿ, ಶೇ 2 ಕೇಳೋರೂ ಇದ್ದಾರೆ.

ಎಜಿನಂಬರ್
ಎರಡೂ ಕಡೆಯವರಿಗೆ ಗೊತ್ತಿದ್ದು ಒಪ್ಪಿದ್ದರೆ ತಪ್ಪಿಲ್ಲ. ಇಬ್ಬರಿಗೂ ಓಡಾಡ್ತೀವಿ, ಸಬ್ ರಿಜಿಸ್ಟ್ರಾರ್ ಕಚೇರಿವರೆಗೂ ಬರ್ತೀವಿ.

ಕರಾರುಕಡತ
"ಗೊತ್ತಿದ್ದು" ಅನ್ನೋದೇ ಎಲ್ಲ. ಕೊಳ್ಳುವವರಿಗೆ "ಬೆಲೆ ಇಳಿಸ್ತೀನಿ" ಅಂತ ಹೇಳಿ, ಮಾಲೀಕರಿಗೆ "ಬೆಲೆ ಏರಿಸ್ತೀನಿ" ಅಂತ ಹೇಳಿ, ಇಬ್ಬರಿಂದಲೂ ಗುಟ್ಟಾಗಿ ಹಣ ಪಡೆದರೆ ಒಬ್ಬರಿಗಾದರೂ ದ್ರೋಹ ಆಗೇ ಆಗುತ್ತೆ. ಕೆಲಸದಲ್ಲಿ ದುರ್ನಡತೆ ಇದ್ದಷ್ಟು ಭಾಗಕ್ಕೆ ಸಂಭಾವನೆ ಸಲ್ಲದು ಅಂತ 220ನೇ ಕಲಂ ಹೇಳುತ್ತೆ. ಕೇಳಬೇಕಾದ ಪ್ರಶ್ನೆ ಒಂದೇ: "ಮಾಲೀಕರಿಂದ ಎಷ್ಟು ತಗೊಳ್ತಿದ್ದೀರಿ?" ಉತ್ತರ ವಾಟ್ಸಾಪ್‌ನಲ್ಲೇ ಬರಲಿ.

ಕಮಿಷನ್ ಯಾವಾಗ ಅಂದರೆ, ಬೇರೆ ಕರಾರು ಇಲ್ಲದಿದ್ದರೆ ಕೆಲಸ ಪೂರ್ತಿ ಆದ ಮೇಲೆಯೇ (219). ಜಗಳ ಬರೋದು "ಪೂರ್ತಿ" ಅಂದರೆ ಏನು ಅಂತ. ಬ್ರೋಕರ್ ಪ್ರಕಾರ ಪಾರ್ಟಿ ಪರಿಚಯಿಸಿ ಬೆಲೆ ಕುದುರಿಸಿದರೆ ಮುಗೀತು. ನಿಮ್ಮ ಪ್ರಕಾರ ಕ್ರಯಪತ್ರ ನೋಂದಣಿ ಆದಾಗ. ಅದಕ್ಕೇ ಮೊದಲೇ ಬರೆಸಿ: ಇಷ್ಟು ಹಣ, ಕ್ರಯಪತ್ರ ನೋಂದಣಿಯ ದಿನ, ಹಕ್ಕುದೋಷದಿಂದ ವ್ಯವಹಾರ ಮುರಿದರೆ ಕಮಿಷನ್ ಇಲ್ಲ.

ಬಾಡಿಗೆಮನೆ
ಬಾಡಿಗೆ ಬ್ರೋಕರ್ ವಿಷಯನೂ ಸೇರಿಸಿ ಪ್ಲೀಸ್. ಒಂದು ತಿಂಗಳ ಬಾಡಿಗೆ ಕಮಿಷನ್ ಕೊಟ್ಟ ಮೇಲೆ, 11 ತಿಂಗಳಾದಾಗ ಕರಾರು ನವೀಕರಣಕ್ಕೆ ಮತ್ತೆ ಅರ್ಧ ತಿಂಗಳದ್ದು ಕೇಳ್ತಾರೆ.

ಕರಾರುಕಡತ
ನೀವು ಒಪ್ಪಿ ಬರೆದುಕೊಟ್ಟಿಲ್ಲದಿದ್ದರೆ ಕೊಡಬೇಕಿಲ್ಲ. ನವೀಕರಣ ನಿಮ್ಮ ಮತ್ತು ಮಾಲೀಕರ ನಡುವಿನ ವ್ಯವಹಾರ, ಬ್ರೋಕರ್ ಹೊಸ ಸೇವೆ ಏನೂ ಮಾಡಿಲ್ಲ. ಅಂದ ಹಾಗೆ 1999ರ ಕರ್ನಾಟಕ ಬಾಡಿಗೆ ಕಾಯ್ದೆಯಲ್ಲಿ ಮಧ್ಯವರ್ತಿಗಳು ಬಾಡಿಗೆ ನಿಯಂತ್ರಕರ ಬಳಿ ನೋಂದಾಯಿಸಿಕೊಳ್ಳಬೇಕು ಅನ್ನೋ ನಿಯಮ ಇದೆ. ನೋಂದಣಿ ಇದೆಯಾ ಅಂತ ಕೇಳಿ ನೋಡಿ, ಮಾತಿನ ಧಾಟಿಯೇ ಬದಲಾಗುತ್ತೆ.

ಬಾಡಿಗೆಮನೆ
ಇದು ಗೊತ್ತೇ ಇರ್ಲಿಲ್ಲ!

ಲೆಕ್ಕಪತ್ರ
ಹಣದ ದಾರಿ ಬಗ್ಗೆ ನನ್ನ ಪಾಲು. ಸ್ಥಿರಾಸ್ತಿ ವ್ಯವಹಾರಕ್ಕೆ 20,000 ಅಥವಾ ಅದಕ್ಕೂ ಹೆಚ್ಚು ನಗದು ಮುಂಗಡ ಪಡೆಯುವಂತಿಲ್ಲ. ಪಡೆದವರಿಗೆ ಪಡೆದಷ್ಟೇ ಮೊತ್ತದ ದಂಡ. ದಂಡ ಅವರಿಗೇ ಇರಬಹುದು, ಆದರೆ ನಗದು ಕೊಟ್ಟ ನಿಮಗೆ ಕೊಟ್ಟದ್ದಕ್ಕೆ ಪುರಾವೆಯೇ ಇರಲ್ಲ.

ಬೆಲೆ 50 ಲಕ್ಷ ಅಥವಾ ಮೇಲಿದ್ದರೆ ಶೇ 1 ಟಿಡಿಎಸ್ (ಹಣ ಕೊಡುವಾಗಲೇ ಹಿಡಿಯುವ ಆದಾಯ ತೆರಿಗೆ) ಹಿಡಿದು ಕಟ್ಟುವ ಹೊಣೆ ಕೊಳ್ಳುವವರದು, ಏಜೆಂಟರದ್ದಲ್ಲ. ಟೋಕನ್ ಕೂಡ ಬೆಲೆಯ ಭಾಗವೇ, ಅದನ್ನು ಕೊಡುವಾಗಲೂ ಹಿಡಿಯಬೇಕು. ಮಾರುವವರು ಅನಿವಾಸಿ ಆಗಿದ್ದರೆ ಶೇ 1 ಅಲ್ಲ, ದರವೂ ವಿಧಾನವೂ ಪೂರ್ತಿ ಬೇರೆ. ಏಜೆಂಟ್ "ಎಲ್ಲರೂ ಒಂದು ಪರ್ಸೆಂಟೇ ಹಿಡಿಯೋದು" ಅಂದರೆ ಕೇಳಬೇಡಿ, ಕೊರತೆ ಬಂದರೆ ಇಲಾಖೆ ಹಿಡಿಯೋದು ನಿಮ್ಮನ್ನ.

ಕಮಿಷನ್ ಮೇಲೆ ಶೇ 18 ಜಿಎಸ್‌ಟಿ ಕೇಳಿದರೆ ಜಿಎಸ್‌ಟಿ ಸಂಖ್ಯೆ ಇರುವ ಬಿಲ್ ಕೊಡಲಿ. ಸಂಖ್ಯೆ ಇಲ್ಲದವರು ಜಿಎಸ್‌ಟಿ ವಸೂಲಿ ಮಾಡುವಂತೆಯೇ ಇಲ್ಲ. ಇನ್ನೊಂದು, ವರ್ಷಕ್ಕೆ 20 ಲಕ್ಷ ಅಥವಾ ಹೆಚ್ಚು ವಹಿವಾಟಿರುವ ಏಜೆಂಟರು 2020ರ ಡಿಸೆಂಬರ್ ಅಧಿಸೂಚನೆಯಿಂದ ಅಕ್ರಮ ಹಣ ವರ್ಗಾವಣೆ ತಡೆ ಕಾಯ್ದೆಯೊಳಗೆ ಬಂದಿದ್ದಾರೆ. ಗ್ರಾಹಕರ ಗುರುತು ಪರಿಶೀಲಿಸಿ ದಾಖಲೆ ಇಡಬೇಕು. ಹಾಗಾಗಿ ಅವರು ಪ್ಯಾನ್ ಕೇಳಿದರೆ ಗಾಬರಿ ಬೇಡ.

ಹೊಸಬ_ಮೈಸೂರು
ಟೋಕನ್ ಏಜೆಂಟ್‌ಗೆ ಕೊಟ್ಟರೂ ಮಾಲೀಕರಿಗೆ ಕೊಟ್ಟ ಹಾಗೇ ಅಲ್ವಾ? ಅವರ ಕಡೆಯವರೇ ತಾನೆ.

ಕರಾರುಕಡತ
ಇಡೀ ಚರ್ಚೆಯ ಗಂಟು ಇಲ್ಲೇ ಇದೆ. ಹಣ ಪಡೆಯಲು ಮಾಲೀಕರು ಆ ಏಜೆಂಟ್‌ಗೆ ಅಧಿಕಾರ ಕೊಟ್ಟಿದ್ದರೆ ಮಾತ್ರ ಹಾಗೆ. ಮನೆ ತೋರಿಸಿ ಅಂತ ಬೀಗದ ಕೈ ಕೊಟ್ಟರೆ ಹಣ ವಸೂಲಿ ಮಾಡಿ ಅಂತ ಹೇಳಿದಂತಾಗಲ್ಲ. ನಾಳೆ ಮಾಲೀಕರು "ನನಗೆ ಒಂದು ರೂಪಾಯಿ ಬಂದಿಲ್ಲ, ಯಾರಿಗೂ ಮಾತು ಕೊಟ್ಟಿಲ್ಲ" ಅಂದರೆ ಮನೆಯೂ ಇಲ್ಲ, ಅವರ ಮೇಲೆ ದಾವೆಗೂ ಬಲ ಇಲ್ಲ. ಉಳಿಯೋದು ಏಜೆಂಟ್ ಒಬ್ಬರೇ. ಅದೇ ಮಾಲೀಕರ ಖಾತೆಗೆ ನೇರವಾಗಿ ಕೊಟ್ಟಿದ್ದರೆ, ನಿಮ್ಮ ತಪ್ಪಿಲ್ಲದೆ ವ್ಯವಹಾರ ಮುರಿದಾಗ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಕಲಂ ಪ್ರಕಾರ ಆ ಮುಂಗಡಕ್ಕೆ ಆಸ್ತಿಯ ಮೇಲೆಯೇ ನಿಮ್ಮ ಹಕ್ಕು ಕೂತಿರುತ್ತೆ. ಎಷ್ಟು ದೊಡ್ಡ ವ್ಯತ್ಯಾಸ ನೋಡಿ.

ಫ್ಲ್ಯಾಟಿಗೂ ಇದೇ. ಹಣ ಬಿಲ್ಡರ್‌ನ ಯೋಜನಾ ಖಾತೆಗೆ ಹೋಗಬೇಕು, ಗ್ರಾಹಕರಿಂದ ಬಂದ ಹಣದ ಶೇ 70 ಪ್ರತ್ಯೇಕ ಖಾತೆಯಲ್ಲಿ ಇರಬೇಕು ಅನ್ನೋದು ರೇರಾ ಕಾಯ್ದೆ. ನೋಂದಾಯಿತ ಮಾರಾಟ ಕರಾರು ಆಗುವ ಮುಂಚೆ ಬೆಲೆಯ ಶೇ 10ಕ್ಕಿಂತ ಹೆಚ್ಚು ಪಡೆಯುವಂತಿಲ್ಲ (13). ಏಜೆಂಟ್ ಖಾತೆಗೆ ಹಾಕಿದ 2 ಲಕ್ಷ ಈ ಯಾವ ಬೇಲಿಯೊಳಗೂ ಬರಲ್ಲ.

ಪತ್ರಬರಹ
ದಸ್ತಾವೇಜು ಬರೆಯೋ ಕಡೆಯಿಂದ ಸ್ವಲ್ಪ. ಏಜೆಂಟ್ "ಇಸಿ ಕ್ಲಿಯರ್ ಇದೆ" ಅಂದರೆ ಅಷ್ಟಕ್ಕೇ ನಿಲ್ಲಬೇಡಿ. ಇಸಿ ಅಂದರೆ ಋಣಭಾರ ಪತ್ರ, ಅದರಲ್ಲಿ ಕಾಣೋದು ನೋಂದಣಿ ಆದ ವ್ಯವಹಾರ ಮಾತ್ರ. ನೋಂದಣಿ ಮಾಡಿಸದ ಅಗ್ರಿಮೆಂಟ್, ಕೋರ್ಟಿನಲ್ಲಿರುವ ಪಾಲುದಾವೆ, ಮನೆಯೊಳಗಿನ ಹಕ್ಕಿನ ಜಗಳ ಕಾಣದೇ ಇರಬಹುದು. ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ 2004ರ ಏಪ್ರಿಲ್‌ನಿಂದ ಈಚೆಗಿನದು ಸಿಗುತ್ತೆ, ಅದಕ್ಕೂ ಹಿಂದಿನದ್ದಕ್ಕೆ ಸಬ್ ರಿಜಿಸ್ಟ್ರಾರ್ ಕಚೇರಿಯ ಹಳೇ ದಾಖಲೆಯೇ ಬೇಕು. ಹಳೇ ಮನೆ ಅಂದಿದ್ದೀರಿ, ಮೂಲಪತ್ರದಿಂದ ಇವತ್ತಿನವರೆಗೆ ಕೊಂಡಿ ಕೊಂಡಿಯಾಗಿ ಕೈ ಬದಲಾದದ್ದು ಸೇರಬೇಕು. ನಡುವೆ ಒಬ್ಬರು ತೀರಿಕೊಂಡಿದ್ದರೆ ವಂಶವೃಕ್ಷ ಮತ್ತು ಎಲ್ಲ ವಾರಸುದಾರರ ಸಹಿ ನೋಡಿ, ಹೆಣ್ಣುಮಕ್ಕಳ ಸಹಿ ಬಿಟ್ಟಿರೋದೇ ಹೆಚ್ಚು.

ಜಿಪಿಎ (ಮಾಲೀಕರು ಬರೆದುಕೊಟ್ಟ ಅಧಿಕಾರಪತ್ರ) ಮೇಲೆ ಮಾರ್ತೀನಿ ಅಂದರೆ ಸುಮ್ಮನೆ ಎದ್ದು ಬನ್ನಿ ಅನ್ನಲ್ಲ, ಆದರೆ ಜಿಪಿಎ ಕೊಟ್ಟವರು ಬದುಕಿದ್ದಾರಾ, ರದ್ದು ಮಾಡಿದ್ದಾರಾ ಅಂತ ಅವರನ್ನೇ ಕಂಡು ಕೇಳಿ. ಕ್ರಯಪತ್ರ ಇಲ್ಲದೆ ಬರೀ ಜಿಪಿಎ ಮತ್ತು ಅಗ್ರಿಮೆಂಟ್‌ನಿಂದ ಒಡೆತನ ಬರಲ್ಲ ಅಂತ ಸುಪ್ರೀಂ ಕೋರ್ಟ್ 2011ರಲ್ಲಿ ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಸ್ಪಷ್ಟ ಮಾಡಿದೆ.

ನೇರಮಾತು
ಇ ಖಾತಾ, ಅಂದರೆ ಸ್ಥಳೀಯ ಸಂಸ್ಥೆ ಕೊಡುವ ಡಿಜಿಟಲ್ ಆಸ್ತಿ ದಾಖಲೆ, ಮರೆತ್ರಿ. ಅದಿಲ್ಲದೆ ನೋಂದಣಿಯೇ ಆಗಲ್ಲ ಈಗ.

ಪತ್ರಬರಹ
ಹೌದು. "ರಿಜಿಸ್ಟ್ರೇಷನ್ ಹೊತ್ತಿಗೆ ಇ ಖಾತಾ ಬರುತ್ತೆ" ಅನ್ನೋ ಮಾತಿನ ಮೇಲೆ ದೊಡ್ಡ ಮುಂಗಡ ಕೊಡಬೇಡಿ. ಹೆಸರು, ಅಳತೆ, ಚಕ್ಕುಬಂದಿ ಕ್ರಯಪತ್ರಕ್ಕೂ ಇ ಖಾತಾಕ್ಕೂ ತಾಳೆ ಆಗದೆ ತಿಂಗಳುಗಟ್ಟಲೆ ನಿಂತುಬಿಡುತ್ತೆ, ಅಷ್ಟರಲ್ಲಿ ಅಗ್ರಿಮೆಂಟ್ ಅವಧಿ ಮುಗಿದಿರುತ್ತೆ.

ಬಯಲುಸೀಮೆ
ದೂರು ಎಲ್ಲಿ ಅನ್ನೋದು ಉಳೀತು. ನನ್ನ ಪ್ರಕಾರ ಮೊದಲು ಪೊಲೀಸ್. ನೋಟಿಸ್ ಕೊಟ್ಟುಕೊಂಡು ಕೂತರೆ ದುಡ್ಡು ಬರಲ್ಲ.

ಕರಾರುಕಡತ
ಎಲ್ಲದಕ್ಕೂ ಪೊಲೀಸ್ ಅಲ್ಲ. ಕರಾರು ಮುರಿದದ್ದನ್ನೆಲ್ಲ ವಂಚನೆ ಅಂತ ಬರೆದುಕೊಟ್ಟರೆ "ಇದು ಸಿವಿಲ್ ವಿಷಯ" ಅಂತ ವಾಪಸ್ ಕಳಿಸ್ತಾರೆ, ಎಷ್ಟೋ ಸಲ ಅದು ಸರಿಯೂ ಹೌದು. ಆದರೆ ಮಾಲೀಕರಿಗೆ ಕೊಡಲು ಪಡೆದ ಹಣವನ್ನು ಏಜೆಂಟ್ ನುಂಗಿದರೆ ಅದು ನಂಬಿಕೆ ದ್ರೋಹ. ಭಾರತೀಯ ನ್ಯಾಯ ಸಂಹಿತೆಯ 316ನೇ ಕಲಂನಲ್ಲಿ ಬ್ರೋಕರ್, ಏಜೆಂಟ್ ತಮ್ಮ ವೃತ್ತಿಯಲ್ಲಿ ಮಾಡುವ ನಂಬಿಕೆ ದ್ರೋಹಕ್ಕೆ ಸಾಮಾನ್ಯರಿಗಿಂತ ಕಠಿಣ ಶಿಕ್ಷೆ ಇಟ್ಟಿದ್ದಾರೆ. ಅಲ್ಲಿ ಪೊಲೀಸ್ ಸರಿ.

ರೇರಾ ವ್ಯಾಪ್ತಿಯ ಯೋಜನೆಯಾದರೆ 31ನೇ ಕಲಂ ಕೆಳಗೆ ಬಿಲ್ಡರ್ ಜೊತೆ ಏಜೆಂಟ್ ಮೇಲೂ ದೂರು ಕೊಡಬಹುದು. ಜನ ಬಿಲ್ಡರ್ ಹೆಸರಷ್ಟೇ ಬರೆದು ಏಜೆಂಟ್‌ನ ಬಿಟ್ಟುಬಿಡ್ತಾರೆ, ಇಬ್ಬರನ್ನೂ ಎದುರುದಾರರಾಗಿ ಸೇರಿಸಿ. ಹಳೇ ಮನೆಯ ಬ್ರೋಕರ್ ಸೇವಾಲೋಪಕ್ಕೆ ಗ್ರಾಹಕ ಆಯೋಗ. ಸೇವೆಗೆ ಕೊಟ್ಟ ಹಣ 50 ಲಕ್ಷದವರೆಗೆ ಜಿಲ್ಲಾ ಆಯೋಗದಲ್ಲೇ, 5 ಲಕ್ಷದವರೆಗೆ ಶುಲ್ಕವೂ ಇಲ್ಲ. ನೀವು ವಾಸ ಇರುವ ಜಿಲ್ಲೆಯಲ್ಲೇ ಹಾಕಬಹುದು. ಗಡುವು 2 ವರ್ಷ, ಅದನ್ನು ಮರೆಯಬೇಡಿ.

ಹೊಸಬ_ಮೈಸೂರು
ರೇರಾಗೆ ಹೋದವರು ಗ್ರಾಹಕ ಆಯೋಗಕ್ಕೆ ಹೋಗೋ ಹಾಗಿಲ್ಲ ಅಂತ ಕೇಳಿದ್ದೆ.

ಕರಾರುಕಡತ
ರೇರಾ ಬಂದ ಮಾತ್ರಕ್ಕೆ ಗ್ರಾಹಕ ಆಯೋಗದ ಬಾಗಿಲು ಮುಚ್ಚಿಲ್ಲ ಅಂತ ಸುಪ್ರೀಂ ಕೋರ್ಟ್ 2020ರಲ್ಲಿ ಇಂಪೀರಿಯಾ ಸ್ಟ್ರಕ್ಚರ್ಸ್ ಪ್ರಕರಣದಲ್ಲಿ ಹೇಳಿದೆ. ಮುಚ್ಚಿರೋದು ಸಿವಿಲ್ ಕೋರ್ಟಿನ ಬಾಗಿಲು, ಪ್ರಾಧಿಕಾರ ತೀರ್ಮಾನಿಸಬೇಕಾದ ವಿಷಯಗಳಿಗೆ (ರೇರಾ 79). ಎರಡರಲ್ಲಿ ಒಂದನ್ನು ಆರಿಸಿ, ಒಂದೇ ಪರಿಹಾರಕ್ಕೆ ಎರಡೂ ಕಡೆ ಓಡಬೇಡಿ.

ನೇರಮಾತು
ಆದೇಶ ಬಂದ ಮೇಲೂ ದುಡ್ಡು ಕೈಗೆ ಬರೋದು ಬೇರೆ ಕಥೆ ಅಂತನೂ ಹೇಳಿ.

ಕರಾರುಕಡತ
ಅದು ನಿಜ. ರೇರಾ ಆದೇಶದ ಹಣವನ್ನು ಭೂಕಂದಾಯ ಬಾಕಿಯಂತೆ ವಸೂಲಿ ಮಾಡಬೇಕು, ವಸೂಲಿ ಪತ್ರ ಜಿಲ್ಲಾಧಿಕಾರಿ ಕಚೇರಿಗೆ ಹೋಗುತ್ತೆ, ಅಲ್ಲಿ ನಿಧಾನ ಆಗುತ್ತೆ. ಎದುರಿನವರ ಆಸ್ತಿ, ಬ್ಯಾಂಕ್ ಖಾತೆ ವಿವರ ನೀವೇ ಕಲೆಹಾಕಿ ಕೊಟ್ಟರೆ ಕಡತ ಚಲಿಸುತ್ತೆ.

ತುಂಗಾತೀರ
ಎಲ್ಲರಿಗೂ ಧನ್ಯವಾದ. ಫ್ಲ್ಯಾಟಿನ "ಪಿಆರ್" ಸಂಖ್ಯೆ ಕೇಳಿದ್ದೇನೆ. ಹಳೇ ಮನೆಗೆ ಟೋಕನ್ ರಸೀದಿಯಲ್ಲಿ ಏನೇನು ಇರಬೇಕು, ಯಾರಾದರೂ ವಾಕ್ಯ ರೂಪದಲ್ಲಿ ಕೊಡ್ತೀರಾ?

ಪತ್ರಬರಹ
ಮಾಲೀಕರ ಸಹಿ ಇರಲಿ, ಏಜೆಂಟ್ ಸಾಕ್ಷಿಯಾಗಿ ಸಹಿ ಹಾಕಲಿ. ಮಾಲೀಕರು ಒಬ್ಬರಿಗಿಂತ ಹೆಚ್ಚಿದ್ದರೆ ಎಲ್ಲರ ಸಹಿಯೂ ಬೇಕು. ಒಕ್ಕಣೆ ಹೀಗೆ:

"ಈ ಕೆಳಗಿನ ಷೆಡ್ಯೂಲ್ ಸ್ವತ್ತಿನ ಮಾರಾಟದ ಒಟ್ಟು ಬೆಲೆ ಇಷ್ಟು ರೂಪಾಯಿ ಎಂದು ಒಪ್ಪಿ, ಅದರಲ್ಲಿ ಟೋಕನ್ ಮುಂಗಡವಾಗಿ ಇಷ್ಟು ರೂಪಾಯಿಯನ್ನು ಇಂಥ ದಿನ ಇಂಥ ಬ್ಯಾಂಕ್ ವರ್ಗಾವಣೆ ಸಂಖ್ಯೆ ಮೂಲಕ ನನ್ನ ಖಾತೆಗೆ ಪಡೆದಿರುತ್ತೇನೆ. ದಾಖಲೆಗಳ ಪ್ರತಿಯನ್ನು ಇಂದಿನಿಂದ 7 ದಿನದೊಳಗೆ ಕೊಡುತ್ತೇನೆ. ಖರೀದಿದಾರರ ವಕೀಲರು ದಾಖಲೆ ಪರಿಶೀಲಿಸಿ ಹಕ್ಕು ಸರಿಯಿಲ್ಲವೆಂದು ಲಿಖಿತವಾಗಿ ತಿಳಿಸಿದಲ್ಲಿ, ಅಥವಾ ಬ್ಯಾಂಕ್ ದಾಖಲೆಯ ಕಾರಣಕ್ಕೆ ಸಾಲ ನಿರಾಕರಿಸಿದಲ್ಲಿ, ಟೋಕನ್ ಹಣವನ್ನು ಯಾವ ಕಡಿತವೂ ಇಲ್ಲದೆ 10 ದಿನದೊಳಗೆ ಹಿಂದಿರುಗಿಸುತ್ತೇನೆ. ಅಲ್ಲಿಯವರೆಗೆ ಸ್ವತ್ತನ್ನು ಬೇರೆಯವರಿಗೆ ಮಾರಾಟಕ್ಕೆ ಒಪ್ಪುವುದಿಲ್ಲ."

ದಿನಗಳನ್ನು ನಿಮ್ಮ ಅನುಕೂಲಕ್ಕೆ ಬದಲಿಸಿ. ಕಮಿಷನ್ ಪತ್ರ ಬೇರೆ ಹಾಳೆಯಲ್ಲಿ ಇರಲಿ, ಇದರೊಳಗೆ ಬೆರೆಸಬೇಡಿ.

ಎಜಿನಂಬರ್
ಬ್ಯಾಂಕ್ ಸಾಲದ ವಾಕ್ಯಕ್ಕೆ ಮಾಲೀಕರು ತಕರಾರು ತೆಗೀತಾರೆ, ನಿಮ್ಮ ಆದಾಯ ಸಾಲದೆ ಸಾಲ ನಿರಾಕರಿಸಿದರೂ ತಾವು ಹಣ ವಾಪಸ್ ಕೊಡಬೇಕಾಗುತ್ತಾ ಅನ್ನೋ ಭಯ. "ದಾಖಲೆಯ ಕಾರಣಕ್ಕೆ" ಅಂತ ಪತ್ರಬರಹ ಹಾಕಿರೋದು ಅದಕ್ಕೇ, ಆ ಎರಡು ಪದ ತೆಗೆಯೋಕೆ ಬಿಡಬೇಡಿ. ನಿಮ್ಮ ಸಾಲದ ಅರ್ಹತೆಯನ್ನು ಬ್ಯಾಂಕಿನಿಂದ ಮೊದಲೇ ಬರೆಸಿ ತಂದು ತೋರಿಸಿದರೆ ಒಪ್ತಾರೆ.